ಆ 13 ಸೆಕೆಂಡ್ ಮತ್ತು ಖಾಲಿ ಬಿಟ್ಟ ಜಾಗ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಬಗ್ಗೆ ಮಾತಾಡಿ ಅಂತ ಕರೆದಾಗ ಕನ್ನಡ ಸಂಘದವರು ಒಂದು ಷರತ್ತು ಹಾಕಿದರು. ಊರಿಂದ ಬಂದಿರುವ ಅಪ್ಪ ಅಮ್ಮಂದಿರಿಗೂ ಅರ್ಥ ಆಗಬೇಕು, ನಿದ್ದೆ ಬರಬಾರದು. ಹಾಗಾಗಿ ನಿಯಮಗಳನ್ನು ಪಕ್ಕಕ್ಕಿಟ್ಟು ಒಂದು ಸಂಜೆಯ ಕಥೆಯಿಂದ ಶುರು ಮಾಡುತ್ತೇನೆ.

2022ರ ಜನವರಿ 23. ಕಾನ್ಸಾಸ್ ಸಿಟಿಯ ಆರೋಹೆಡ್ ಸ್ಟೇಡಿಯಂ. ಆ ಊರಿನ ತಂಡ ಚೀಫ್ಸ್ ಮತ್ತು ಬಫಲೋ ಬಿಲ್ಸ್ ನಡುವೆ ನಾಕೌಟ್ ಪಂದ್ಯ. ಬಿಲ್ಸ್‌ನ ಗೇಬ್ರಿಯಲ್ ಡೇವಿಸ್ ತನ್ನ ನಾಲ್ಕನೇ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು, ಮಾಡಿದಾಗ ಬಿಲ್ಸ್ 36-33ರಿಂದ ಮುಂದೆ. ಉಳಿದಿದ್ದು 13 ಸೆಕೆಂಡ್. ನಮ್ಮ ಮನೆಯಲ್ಲಿ ನನ್ನ ಭಾವಮೈದುನ "ಮುಗೀತು ಬಿಡಿ ಭಾವ" ಅಂತ ಎದ್ದು ಕಾರಿನ ಕೀ ಹುಡುಕತೊಡಗಿದ. ಕೀ ಸಿಗುವಷ್ಟರಲ್ಲಿ ಸ್ಕೋರು ಸಮ ಆಗಿತ್ತು!

ಹೇಗಾಯಿತು ಅಂತ ಆಮೇಲೆ ನೋಡೋಣ. ಮೊದಲು ಲೆಕ್ಕ. ಮೈದಾನ 100 ಯಾರ್ಡ್ ಉದ್ದ, 53 ಯಾರ್ಡ್‌ಗಿಂತ ಸ್ವಲ್ಪ ಜಾಸ್ತಿ ಅಗಲ. ತಡೆಯುವವರು 11 ಜನ. ಅಷ್ಟು ಜನ ಇಟ್ಟುಕೊಂಡು ಅಷ್ಟು ಜಾಗ ಕಾಯಲು ಆಗುವುದಿಲ್ಲ. ಎಲ್ಲೋ ಒಂದು ಕಡೆ ಖಾಲಿ ಬಿಡಲೇಬೇಕು. ಕ್ರಿಕೆಟ್‌ನಲ್ಲಿ ನಾಲ್ಕು ಸ್ಲಿಪ್ ಇಟ್ಟರೆ ಬೌಂಡರಿ ಖಾಲಿ, ಎಲ್ಲರನ್ನೂ ಬೌಂಡರಿಗೆ ಕಳಿಸಿದರೆ ಒಂದೊಂದು ರನ್ ಸುಮ್ನೆ ಸಿಗುತ್ತೆ, ಅಲ್ವಾ? ಇಲ್ಲೂ ಹಾಗೇ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಸಾಮಾನ್ಯವಾಗಿ ನಾಲ್ಕು ಜನ ನುಗ್ಗುತ್ತಾರೆ. ಐದು, ಆರು ಜನ ನುಗ್ಗಿದರೆ ಅದು ಬ್ಲಿಟ್ಸ್. ಅವನಿಗೆ ಉಸಿರಾಡಲು ಬಿಡುವುದಿಲ್ಲ, ಆದರೆ ಬೆನ್ನ ಹಿಂದೆ ಬಯಲು. ಇದಕ್ಕೆ ಉಲ್ಟಾ ಪ್ರಿವೆಂಟ್ ಡಿಫೆನ್ಸ್. ಮೂರು ಜನ ಮಾತ್ರ ನುಗ್ಗಿ, ಉಳಿದವರು ದೂರ ಹಿಂದೆ ನಿಂತು, ಸಣ್ಣಪುಟ್ಟದ್ದು ಹೋಗಲಿ, ದೊಡ್ಡದು ಹೋಗದಿದ್ದರೆ ಸಾಕು ಅನ್ನುವುದು.

ನುಗ್ಗುವುದು ಅಂದರೆ ಏನು ಅಂತ ತೋರಿಸಿದ್ದು 1985ರ ಶಿಕಾಗೋ ಬೇರ್ಸ್. ಡಿಫೆನ್ಸ್ ಕೋಚ್ ಬಡ್ಡಿ ರಯಾನ್. ಅವರ ಪದ್ಧತಿಗೆ '46' ಅಂತ ಹೆಸರು. ಜನ ನಾಲ್ಕು, ಆರು ಅಂತ ನಿಲ್ಲುವುದರಿಂದ ಬಂದ ಹೆಸರಲ್ಲ ಅದು. ಡಗ್ ಪ್ಲಾಂಕ್ ಅನ್ನುವ ಆಟಗಾರನ ಜರ್ಸಿ ನಂಬರ್ ಅಷ್ಟೇ. ಎಂಟು ಜನರನ್ನು ಚೆಂಡಿನ ಹತ್ತಿರವೇ ಗುಂಪು ಹಾಕಿಬಿಡುತ್ತಿದ್ದರು. ಯಾರು ಬರುತ್ತಾರೆ, ಯಾರು ನಿಲ್ಲುತ್ತಾರೆ ಎದುರಿನವರಿಗೆ ಗೊತ್ತಾಗುತ್ತಿರಲಿಲ್ಲ. ನಾಕೌಟ್‌ನಲ್ಲಿ ಜೈಂಟ್ಸ್ ಮೇಲೆ 21-0, ರ‍್ಯಾಮ್ಸ್ ಮೇಲೆ 24-0. 1986ರ ಜನವರಿಯಲ್ಲಿ ಸೂಪರ್ ಬೌಲ್‌ನಲ್ಲಿ, ಅಂದರೆ ಫೈನಲ್‌ನಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮೇಲೆ 46-10. ಇಡೀ ಪಂದ್ಯದಲ್ಲಿ ಪೇಟ್ರಿಯಟ್ಸ್ ಚೆಂಡು ಹಿಡಿದು ಓಡಿ ಗಳಿಸಿದ್ದು ಒಟ್ಟು 7 ಯಾರ್ಡ್. ನಮ್ಮ ಈ ಹಾಲಿನ ಉದ್ದಕ್ಕಿಂತ ಕಡಿಮೆ. ಅವರ ಕ್ವಾರ್ಟರ್‌ಬ್ಯಾಕ್ ಟೋನಿ ಈಸನ್ ಆರು ಸಲ ಎಸೆದ, ಒಂದೂ ಯಾರ ಕೈಗೂ ಸೇರಲಿಲ್ಲ. ಕೊನೆಗೆ ಅವನನ್ನು ಕೂರಿಸಿದರು.

ಹಾಗಾದರೆ ಯಾವಾಗಲೂ ನುಗ್ಗಿಬಿಡೋಣ ಅನ್ನಿಸುತ್ತೆ. ಸ್ವಲ್ಪ ತಾಳಿ. ಅದೇ ಸೀಸನ್‌ನಲ್ಲಿ ಬೇರ್ಸ್ ಒಂದೇ ಒಂದು ಪಂದ್ಯ ಸೋತರು, ಡಿಸೆಂಬರ್ 2ರಂದು, ಮಯಾಮಿ ಡಾಲ್ಫಿನ್ಸ್ ಕೈಯಲ್ಲಿ, 38-24. ಅಲ್ಲಿನ ಕೋಚ್ ಡಾನ್ ಶೂಲಾ ಪಾಸ್ ಹಿಡಿಯುವ ಮೂರನೇ ಆಟಗಾರ, ಅಂದರೆ ರಿಸೀವರ್ ಆಗಿ ನ್ಯಾಟ್ ಮೂರ್‌ನನ್ನು ಒಳಗಡೆ ನಿಲ್ಲಿಸಿದರು. ಅವನ ಹಿಂದೆ ಓಡಬೇಕಾದವರು ದಪ್ಪ ದೇಹದ ಲೈನ್‌ಬ್ಯಾಕರ್‌ಗಳು. ಎಸೆಯುವವನು ಡ್ಯಾನ್ ಮರೀನೋ, ಚೆಂಡು ಕೈಗೆ ಬಂದರೆ ಕೈಯಲ್ಲಿ ನಿಲ್ಲಿಸಿಕೊಳ್ಳದ ಮನುಷ್ಯ. ನುಗ್ಗಿದವರು ತಲುಪುವ ಮೊದಲೇ ಚೆಂಡು ಹೋಗಿರುತ್ತಿತ್ತು. ಮೊದಲರ್ಧಕ್ಕೇ 31-10.

ನುಗ್ಗುವುದು, ಹಿಂದೆ ನಿಲ್ಲುವುದು, ನನಗೆ ಇವೆರಡಕ್ಕಿಂತ ಜಾಸ್ತಿ ಇಷ್ಟ ಆಗುವುದು ಕೋಚ್ ಡಿಕ್ ಲೆಬೋ ಬೆಳೆಸಿದ ಝೋನ್ ಬ್ಲಿಟ್ಸ್. ಒಬ್ಬ ನುಗ್ಗುವ ಹಾಗೆ ನಟಿಸಿ ಹಿಂದೆ ಸರಿಯುತ್ತಾನೆ, ಸುಮ್ನಿದ್ದವನು ಇನ್ನೆಲ್ಲಿಂದಲೋ ಬರುತ್ತಾನೆ. ಲೆಬೋ ಅವರ ಪಿಟ್ಸ್‌ಬರ್ಗ್ ಸ್ಟೀಲರ್ಸ್ 2009ರ ಸೂಪರ್ ಬೌಲ್‌ನಲ್ಲಿ ಅರಿಝೋನಾ ಎದುರು ಮೊದಲರ್ಧದ ಕೊನೆಯಲ್ಲಿ ಇಕ್ಕಟ್ಟಿನಲ್ಲಿತ್ತು. ಅರಿಝೋನಾ ಟಚ್‌ಡೌನ್ ಗೆರೆಯ ಬಾಗಿಲಲ್ಲೇ ಇತ್ತು. ನುಗ್ಗಬೇಕಿದ್ದ ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್ ಎರಡು ಹೆಜ್ಜೆ ಮುಂದಿಟ್ಟ ಹಾಗೆ ಮಾಡಿ ನಿಂತುಬಿಟ್ಟ. ಅರಿಝೋನಾದ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಸೆದ, ಚೆಂಡು ನೇರ ಹ್ಯಾರಿಸನ್ ಎದೆಗೆ. ಆ ಭಾರಿ ದೇಹ ಹೊತ್ತು 100 ಯಾರ್ಡ್ ಓಡಿ, ಗೆರೆಯಾಚೆ ಬಿದ್ದು, ಏಳಲಾಗದೆ ಮಲಗಿದ್ದ. ನೋಡಿಲ್ಲದವರು ಇವತ್ತೇ ಮನೆಗೆ ಹೋಗಿ ನೋಡಿ.

ಈಗ ಆ 13 ಸೆಕೆಂಡ್. ಚೀಫ್ಸ್‌ಗೆ ಬೇಕಿದ್ದು ಸಮ ಮಾಡಲು ಮೂರು ಪಾಯಿಂಟ್, ಅಂದರೆ ಚೆಂಡನ್ನು ಒದ್ದು ಕಂಬಗಳ ಮಧ್ಯೆ ಕಳಿಸುವ ಫೀಲ್ಡ್ ಗೋಲ್ ಹೊಡೆಯುವಷ್ಟು ಹತ್ತಿರ ಬಂದರೆ ಸಾಕು. ಕೈಯಲ್ಲಿ ಟೈಮ್‌ಔಟ್ ಇದ್ದವು, ಹಾಗಾಗಿ ಮೈದಾನದ ಮಧ್ಯದಲ್ಲಿ ಬಿದ್ದರೂ ಗಡಿಯಾರ ನಿಲ್ಲಿಸಬಹುದಿತ್ತು. ಬಿಲ್ಸ್ ಟಚ್‌ಡೌನ್ ಹೋಗಬಾರದು ಅಂತ ದೂರ ದೂರ ಹಿಂದೆ ನಿಂತರು. ಟೈರಿಕ್ ಹಿಲ್‌ಗೆ ಒಂದು ಪಾಸ್, 19 ಯಾರ್ಡ್. ಟ್ರಾವಿಸ್ ಕೆಲ್ಸಿಗೆ ಇನ್ನೊಂದು, 25 ಯಾರ್ಡ್. ಇಬ್ಬರನ್ನೂ ಶುರುವಿನಲ್ಲಿ ಯಾರೂ ಮುಟ್ಟಲೇ ಇಲ್ಲ. ಇನ್ನೂ 3 ಸೆಕೆಂಡ್ ಬಾಕಿ. ಚೀಫ್ಸ್‌ನ ಹ್ಯಾರಿಸನ್ ಬಟ್‌ಕರ್ 49 ಯಾರ್ಡ್‌ನಿಂದ ಒದ್ದ, 36-36.

ಆ ದಿನ ಬಿಲ್ಸ್‌ನ ಡಿಫೆನ್ಸ್ ಕೋಚ್ ಯಾರು ಗೊತ್ತಾ? ಲೆಸ್ಲಿ ಫ್ರೇಜಿಯರ್. 1985ರ ಬೇರ್ಸ್ ತಂಡದಲ್ಲಿ ಕಾರ್ನರ್‌ಬ್ಯಾಕ್, ಅಂದರೆ ರಿಸೀವರ್‌ಗಳನ್ನು ಕಾಯುವವನು, ಆಗಿದ್ದ ಅದೇ ಫ್ರೇಜಿಯರ್! ಆ ವರ್ಷ ತಂಡದಲ್ಲಿ ಅತಿ ಹೆಚ್ಚು, ಆರು ಇಂಟರ್‌ಸೆಪ್ಷನ್ ಮಾಡಿದ್ದವರು, ಅಂದರೆ ಎದುರಾಳಿ ಎಸೆದ ಚೆಂಡನ್ನು ಆರು ಸಲ ತಾವೇ ಹಿಡಿದವರು. ಆ ಸೂಪರ್ ಬೌಲ್‌ನಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರ ಆಟ ನಿಂತಿತು. ನುಗ್ಗುವ ಡಿಫೆನ್ಸ್ ಹಿಂದಿನ ಬಯಲನ್ನು ಕಾದು ಬಂದವರು ಅವರು. ಹೆದರುಪುಕ್ಕಲ ಅಂತ ನಾನಂತೂ ಅನ್ನಲಾರೆ. ಯಾಕೆಂದರೆ ಒಂದು ನಿಮಿಷದ ಹಿಂದಷ್ಟೇ ಇದೇ ಹಿಲ್ 64 ಯಾರ್ಡ್ ಟಚ್‌ಡೌನ್ ಮಾಡಿದ್ದ. ಅದು ಕಣ್ಣಿಗೆ ಕಟ್ಟಿರುವಾಗ ಅವನ ಹತ್ತಿರ ನಿಲ್ಲಿ ಅಂತ ಹುಡುಗರಿಗೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಆದರೂ ನನ್ನ ಲೆಕ್ಕದಲ್ಲಿ ಅದು ತಪ್ಪೇ. ಆಟ ಶುರುವಾಗುವ ಗೆರೆಯ ಹತ್ತಿರವೇ ಹಿಲ್‌ನ, ಕೆಲ್ಸಿಯ ಎದೆಗೆ ಕೈಕೊಟ್ಟು ಒಂದು ಸೆಕೆಂಡ್ ತಡೆದಿದ್ದರೂ ಸಾಕಿತ್ತು. ಇದ್ದದ್ದೇ 13.

ಓವರ್‌ಟೈಮ್‌ನಲ್ಲಿ ಚೀಫ್ಸ್ ಟಾಸ್ ಗೆದ್ದು, ಮೊದಲ ಸರದಿಯಲ್ಲೇ ಟಚ್‌ಡೌನ್ ಮಾಡಿ 42-36ರಿಂದ ಗೆದ್ದರು. ಬಿಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಕೈಗೆ ಚೆಂಡೇ ಬರಲಿಲ್ಲ. ಎರಡು ತಿಂಗಳಲ್ಲಿ ಲೀಗಿನವರು ನಾಕೌಟ್ ಓವರ್‌ಟೈಮ್ ನಿಯಮವನ್ನೇ ಬದಲಿಸಿ ಇಬ್ಬರಿಗೂ ಸರದಿ ಅಂತ ಮಾಡಿದರು. ಭಾವಮೈದುನ ಅವತ್ತು ಹೊರಟಾಗ ರಾತ್ರಿಯಾಗಿತ್ತು. ಕೀ ಅವನ ಜಾಕೆಟ್ ಜೇಬಲ್ಲೇ ಇತ್ತು. ಪ್ರಶ್ನೆ ಇದ್ದರೆ ಕೇಳಿ, ಕಾಫಿ ಬರಲು ಇನ್ನೂ ಹತ್ತು ನಿಮಿಷ ಇದೆಯಂತೆ.