ಮಕ್ಕಳಿಲ್ಲದ ಕೋಣೆಯಲ್ಲಿ ಓದು ಕಲಿಸುವ ತರಬೇತಿಯೇ?

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಮೇಷ್ಟ್ರುಗಳಿಗೆ ತರಬೇತಿ ಕೊಟ್ಟು ಕೊಟ್ಟು ಸಾಕಾಗಿದೆ. ಓದಲು ಬಾರದ ಮಗುವಿಗೆ ನಾಲ್ಕು ಸಲ ಹೆಚ್ಚು ಓದಿಸಿದರೆ ಆಯಿತು." ಸ್ವಾಮಿ, ಇದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂದಿತು. ಹೆಚ್ಚಾಗಿರುವುದು ತರಬೇತಿಯಲ್ಲ, ತರಬೇತಿಯ ಹೆಸರಿನ ಭಾಷಣ.

ಮಗುವೊಂದು 'ಸೂರ್ಯ' ಪದವನ್ನು 'ಸೂಯರ' ಎಂದು ಓದುತ್ತದೆ ಎನ್ನಿ. ಕಿವಿಗೆ ರ್ ಮೊದಲು, ಯ ಆಮೇಲೆ. ಕಣ್ಣಿಗೆ ಯ ಮೊದಲು, ಅರ್ಕಾವತ್ತು ಆಮೇಲೆ. ಪಾಪ, ಮಗು ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ! ನಾಲ್ಕು ಸಲ ಹೆಚ್ಚು ಓದಿಸಿದರೆ ನಾಲ್ಕು ಸಲವೂ 'ಸೂಯರ' ಎನ್ನುತ್ತದೆ. ಕೆಲಸ ಬಲ್ಲ ಶಿಕ್ಷಕಿ ಪುಸ್ತಕ ಮುಚ್ಚಿಸುತ್ತಾರೆ. ಸೂ, ರ್, ಯ ಎಂದು ಬಿಡಿಸಿ ಹೇಳಿಸಿ, ಒಂದೊಂದಕ್ಕೂ ಒಂದೊಂದು ಬೆರಳು ಮಡಿಸಲು ಹೇಳುತ್ತಾರೆ. ರ್ ಎಂದಾಗ ನಾಲಿಗೆಯ ತುದಿ ಎಲ್ಲಿ ತಾಗಿತು ಎಂದು ಕೇಳುತ್ತಾರೆ. ಆಮೇಲೆ ಮರಳಿನ ತಟ್ಟೆಯಲ್ಲಿ, ಬಾಯಲ್ಲಿ ಹೇಳುತ್ತಲೇ ಬೆರಳಿನಿಂದ ತಿದ್ದಿಸುತ್ತಾರೆ: ಅರ್ಕಾವತ್ತು ಬರೆಯುವಾಗ ಆಮೇಲೆ, ಓದುವಾಗ ಮೊದಲು. ಕಣ್ಣು, ಕಿವಿ, ಬಾಯಿ, ಕೈ ಒಟ್ಟಿಗೆ ದುಡಿಯುವ ಈ ಕ್ರಮವೇ ಬಹುಇಂದ್ರಿಯ ಬೋಧನೆ. ಮರಳಿನಲ್ಲಿ ಮಂತ್ರಶಕ್ತಿಯೇನೂ ಇಲ್ಲ. ಯಾವುದರ ನಂತರ ಯಾವುದು, ಮಗು ಎಡವಿದರೆ ಎಲ್ಲಿಗೆ ಹಿಂದಿರುಗಬೇಕು ಎಂದು ಶಿಕ್ಷಕಿಗೆ ತಿಳಿದಿರಬೇಕು.

ಇದನ್ನು ಪರದೆಯ ಮೇಲಿನ ಚಿತ್ರ ನೋಡಿ ಕಲಿಯಲಾಗುತ್ತದೆಯೇ? ಮುದ್ದೆ ಕಟ್ಟುವುದನ್ನು ಯಾರಾದರೂ ಕರಿಹಲಗೆಯ ಮೇಲೆ ಬರೆದು ಕಲಿಸುತ್ತಾರೆಯೇ? ಮಗುವನ್ನು ಎದುರಿಗೆ ಕೂರಿಸಿಕೊಂಡು, ಬಲ್ಲವರ ಕಣ್ಣೆದುರು ಕಲಿಸಿ ನೋಡದ ತರಬೇತಿ ತರಬೇತಿಯೇ ಅಲ್ಲ.

1930ರ ದಶಕದ ಅಮೆರಿಕದಲ್ಲಿ ನರರೋಗ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಣ ತಜ್ಞೆ ಅನಾ ಗಿಲ್ಲಿಂಗ್‌ಹ್ಯಾಮ್ ರೂಪಿಸಿದ ವಿಧಾನ ಈ ಬಹುಇಂದ್ರಿಯ ಬೋಧನೆಯ ಮೂಲಗಳಲ್ಲೊಂದು. ಅದರಲ್ಲಿ ಪ್ರಮಾಣಪತ್ರ ಬೇಕಾದರೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಮಕ್ಕಳಿಗೆ ಕಲಿಸಿ ತೋರಿಸಲೇಬೇಕು. "ಅದೆಲ್ಲ ವಿದೇಶಿ" ಎನ್ನುವಿರಾ? ಅಕ್ಕಿಯಲ್ಲಿ ಬೆರಳಾಡಿಸಿ ಅಕ್ಷರಾಭ್ಯಾಸ ಮಾಡುವ ಜನ ನಾವು, ಮರಳು ಕಂಡರೆ ಬೆಚ್ಚಬೇಕೇ! ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ನಲಿಯುತ್ತ ಕಲಿಯುವ ನಲಿಕಲಿಯನ್ನೇ ನೋಡಿ. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಹಳ್ಳಿ ಶಾಲೆಗಳಿಗೆ ಹೋಗಿ, ಅಲ್ಲಿನ ಮಕ್ಕಳು ಕಲಿಯುವುದನ್ನು ಕಣ್ಣಾರೆ ಕಂಡು ಬಂದು ಕಟ್ಟಿದ್ದು ಅದು. ವರ್ಣಮಾಲೆಯ ಕ್ರಮ ಬಿಟ್ಟು 'ರ, ಗ, ಸ, ದ, ಅ' ಎಂದು ಆರಂಭಿಸುವ ಧೈರ್ಯ ಸುತ್ತೋಲೆಯಿಂದ ಬರುತ್ತದೆಯೇ? ಮಕ್ಕಳ ಜೊತೆ ಕೂತವರಿಗೆ ಮಾತ್ರ ಬರುತ್ತದೆ.

ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ, ಸಮಯವೆಲ್ಲಿದೆ ಎನ್ನುತ್ತಾರೆ. ಓದಲು ಬಾರದ ಮಗು ಏಳನೆಯ ತರಗತಿಯವರೆಗೂ ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂರುವುದಕ್ಕೆ ಸಮಯವಿದೆಯಲ್ಲವೇ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿ ಸೇರಿಸಿಕೊಂಡಿದೆ. ಆ ಮಗುವಿಗೆ ಹಕ್ಕಿದೆ, ಸ್ವಾಮಿ!

ಅಂದಹಾಗೆ, ಮುಂದಿನ ಸಂಚಿಕೆಯಲ್ಲಿ ಒತ್ತಕ್ಷರವನ್ನು ಮರಳಿನ ತಟ್ಟೆಯಲ್ಲಿ ಹೇಗೆ ಕಲಿಸಬಹುದೆಂದು ಮಾಡಿ ತೋರಿಸುತ್ತೇನೆ. ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ನಿಮಗೆ ಗೊತ್ತಿರುವ ಶಿಕ್ಷಕರೊಬ್ಬರಿಗಾದರೂ ಕಳುಹಿಸಿ.

ಇನ್ನೆಷ್ಟು ಸಲ ಹೇಳಲಿ? ಮಗು ಬೇಕು. ಮಗುವಿಲ್ಲದೆ ಓದು ಕಲಿಸುವ ತರಬೇತಿ ಬೇಡ, ಬೇಡ, ಬೇಡ. ಶಿಕ್ಷಕ ಮಿತ್ರರೇ, ಮುಂದಿನ ಬಾರಿ ತರಬೇತಿಗೆಂದು ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಕರೆದಾಗ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮೊದಲು, ಇವತ್ತು ಯಾವ ಶಾಲೆಯ ಮಕ್ಕಳು ಬರುತ್ತಾರೆ ಎಂದು ಕೇಳಿ. ಏನು ಉತ್ತರ ಬಂದಿತೆಂದು ಕೆಳಗೆ ಬರೆಯಿರಿ.