ಜೂನ್ ತಿಂಗಳ ಖರ್ಚು

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದ ಆರಂಭದಲ್ಲಿ ಕಾರವಾರ ಪೇಟೆಯ ಅಂಗಡಿಯೊಂದರಲ್ಲಿ, ಬೈತಕೋಲ ಕಡೆಯ ತಾಯಿಯೊಬ್ಬರು ಎಂಟನೆಯ ತರಗತಿಗೆ ಹೊರಟ ಮಗಳಿಗೆಂದು ತೆಗೆದಿಟ್ಟ ಹನ್ನೆರಡು ನೋಟ್‌ಪುಸ್ತಕಗಳಲ್ಲಿ ಆರನ್ನು ಮರಳಿಸಿ, ‘ಉಳಿದದ್ದು ಬೋಟು ಕಡಲಿಗೆ ಇಳಿದ ಮೇಲೆ ತಕಂತೆ’ ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಶಾಲೆ ಆರಂಭವಾಗುವುದೂ ಅದೇ ಹೊತ್ತಿಗೆ. ಪುಸ್ತಕ, ಚೀಲ, ಕೊಡೆಗಳ ಖರ್ಚು ದುಡಿಮೆ ನಿಂತ ಮನೆಯ ಮೇಲೆಯೇ ಬೀಳುತ್ತದೆ. ಬಡವರ ಮನೆಗೆ ಹಣ ಕೊಟ್ಟರೆ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆಯೇ ಎಂಬುದನ್ನು ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ.

ಮಕ್ಕಳು ತಪ್ಪದೆ ಶಾಲೆಗೆ ಹೋಗಬೇಕೆಂಬ ಷರತ್ತಿನ ಮೇಲೆ ಬಡ ಕುಟುಂಬಗಳಿಗೆ ಹಣ ಕೊಡುವ ‘ಪ್ರೊಗ್ರೆಸಾ’ ಯೋಜನೆಯನ್ನು ಮೆಕ್ಸಿಕೋ 1997ರಲ್ಲಿ ಹಳ್ಳಿಗಳಿಂದ ಆರಂಭಿಸಿತು. ಹಾಜರಾತಿ ಶೇಕಡಾ 85ರಷ್ಟಿರಬೇಕಿತ್ತು, ಹಣ ತಾಯಿಯ ಕೈ ಸೇರುತ್ತಿತ್ತು, ಪ್ರೌಢಶಾಲೆಯ ಹುಡುಗಿಯರಿಗೆ ಹುಡುಗರಿಗಿಂತ ತುಸು ಹೆಚ್ಚು ಸಿಗುತ್ತಿತ್ತು. ಅಧ್ಯಯನಕ್ಕೆಂದು ಆಯ್ದ 506 ಹಳ್ಳಿಗಳಲ್ಲಿ, ಚೀಟಿ ಎತ್ತಿದಂತೆ, 320ಕ್ಕೆ ಮೊದಲು, 186ಕ್ಕೆ ತಡವಾಗಿ ಯೋಜನೆ ತಲುಪಿದ್ದರಿಂದ ಫಲವನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ಹೆಚ್ಚಿನ ಮಕ್ಕಳು ಮೊದಲೇ ಹೋಗುತ್ತಿದ್ದ ಪ್ರಾಥಮಿಕ ಶಾಲೆಯಲ್ಲಿ ವ್ಯತ್ಯಾಸ ಸಣ್ಣದಿತ್ತು. ಪ್ರೌಢಶಾಲೆಗೆ ಕಾಲಿಡುವ ಘಟ್ಟದಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಅದು ಎದ್ದು ಕಂಡಿತು. ಇಂಥ ಹಣದಿಂದ ಹಾಜರಾತಿ ಏರಿದಷ್ಟು ಕಲಿಕೆ ಏರಿದ್ದು ಮಾತ್ರ ಅಪರೂಪ.

ಷರತ್ತಿನಲ್ಲಿ ಒಂದು ಕಾಠಿಣ್ಯವೂ ಇದೆ. ಆಫ್ರಿಕಾದ ಮಲಾವಿ ದೇಶದ ಜೊಂಬಾ ಜಿಲ್ಲೆಯಲ್ಲಿ 2008ರಲ್ಲಿ ಆರಂಭವಾದ ಪ್ರಯೋಗದಲ್ಲಿ ಕೆಲವರಿಗೆ ಶಾಲೆಗೆ ಹೋಗುವ ಷರತ್ತಿನ ಮೇಲೆ, ಇನ್ನು ಕೆಲವರಿಗೆ ಷರತ್ತಿಲ್ಲದೆ ಹಣ ಕೊಟ್ಟರು. ಷರತ್ತಿನ ಹಣವೇ ಹುಡುಗಿಯರನ್ನು ಶಾಲೆಯಲ್ಲಿ ಹೆಚ್ಚು ಉಳಿಸಿಕೊಂಡಿತು. ಆದರೆ ಶಾಲೆ ಬಿಟ್ಟ ಹುಡುಗಿಯರನ್ನು ಎಳೆಯ ಪ್ರಾಯದ ಮದುವೆ ಮತ್ತು ಬಸಿರಿನಿಂದ ಕಾಪಾಡಿದ್ದು ಷರತ್ತಿಲ್ಲದ ಹಣ. ಶಾಲೆ ತಪ್ಪಿದವಳಿಗೇ ಆಸರೆ ಹೆಚ್ಚು ಬೇಕಿರುವಾಗ ಆಕೆಯ ಹಣವನ್ನೇ ನಿಲ್ಲಿಸುವುದು ನನಗೆ ಒಪ್ಪಿಗೆಯಾಗದು.

ನಮ್ಮ ಕರಾವಳಿಗೆ ಅತ್ಯಂತ ಹತ್ತಿರವೆನಿಸುವುದು ಕೊಲಂಬಿಯಾದ ಬೊಗೋಟ ನಗರದಲ್ಲಿ 2005ರಲ್ಲಿ ನಡೆದ ಪ್ರಯೋಗ. ಅಲ್ಲಿ ಕೆಲವು ಮಕ್ಕಳ ಮನೆಗೆ ಪೂರ್ತಿ ಹಣವನ್ನು ಆಗಾಗ ಕೊಟ್ಟರೆ, ಇನ್ನು ಕೆಲವರ ಹಣದ ಮೂರರಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಕೂಡಿಟ್ಟು, ಮುಂದಿನ ವರ್ಷದ ದಾಖಲಾತಿಯ ಹೊತ್ತಿಗೆ ಕೈಗೆ ಕೊಟ್ಟರು. ಒಂದು ಪೈಸೆಯನ್ನೂ ಹೆಚ್ಚು ಕೊಡದಿದ್ದರೂ, ಈ ಎರಡನೆಯ ಗುಂಪಿನ ಮಕ್ಕಳೇ ಮರುವರ್ಷ ಹೆಚ್ಚಾಗಿ ಶಾಲೆಗೆ ಮರಳಿದರು.

ನಮ್ಮ ರಾಜ್ಯದಲ್ಲಿ 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆಯ ದೊಡ್ಡ ಮೊತ್ತ ಹುಡುಗಿಗೆ 18 ತುಂಬಿದ ಮೇಲಿನದು. ಅದು ಇರಲಿ. ಅದರ ಜೊತೆಗೆ, ಏಳನೆಯ ತರಗತಿ ಮುಗಿಸಿದ ಮೀನುಗಾರರ ಮನೆಯ ಮಕ್ಕಳಿಗೆಂದು ಒಂದು ಮೊತ್ತವನ್ನು ಮೇ ತಿಂಗಳ ಕೊನೆಯ ವಾರದಲ್ಲಿ, ದೋಣಿಗಳು ದಡ ಸೇರುವ ಮೊದಲೇ, ತಾಯಂದಿರ ಖಾತೆಗೆ ಹಾಕಬೇಕು ಎಂಬುದು ನನ್ನ ಕಳಕಳಿಯ ಬೇಡಿಕೆ. ನಮಸ್ಕಾರ.