ಅವ್ವ ಕೊಟ್ಟ ಕಿಡ್ನಿ

ಕೇಳುಗರಿಗೆಲ್ಲ ನಮಸ್ಕಾರ.

ವಿಜಯಪುರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮೊಬೈಲು ಕೂಗುತ್ತದೆ. ಅದು ತಮ್ಮ ಗುಳಿಗೆ ನುಂಗುವ ಹೊತ್ತು. ಅವ್ವ ಅವನಿಗೆ ಒಂದು ಕಿಡ್ನಿ ಕೊಟ್ಟಿದ್ದಾಳೆ. ಹೆತ್ತವ್ವನದೇ ಆದರೂ ಅವನ ಮೈ ಅದನ್ನು ಹೊರಗಿನದು ಅಂತಲೇ ತಿಳಿಯುತ್ತದೆ. 1954ರಲ್ಲಿ ಬಾಸ್ಟನ್ನಿನಲ್ಲಿ ಮೊದಲ ಸಲ ಕಿಡ್ನಿ ಕಸಿ ಗೆದ್ದಿತಲ್ಲ, ಅಲ್ಲಿ ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು, ಹಾಗಾಗಿ ಮೈ ಅದನ್ನು ಹೊರಗಿನದು ಅನ್ನಲಿಲ್ಲ. ಎಲ್ಲರಿಗೂ ಆ ಭಾಗ್ಯ ಎಲ್ಲಿ ಬರಬೇಕು? ಹಾಗಾಗಿ ಟ್ಯಾಕ್ರೊಲಿಮಸ್‌ನಂಥ ಗುಳಿಗೆ ಬೇಕು.

ಈ ಗುಳಿಗೆ ಮೈಯ ಕಾವಲನ್ನು ಬೇಕೆಂದೇ ಸಡಿಲ ಮಾಡುತ್ತದೆ. ಆಗ ಒಳಗೆ ಮಲಗಿದ್ದ ವೈರಸ್ ಏಳಬಹುದು. ಬಿಕೆ ವೈರಸ್ ಅಂತ ಒಂದಿದೆ. ಚಿಕ್ಕಂದಿನಲ್ಲೇ ಬಹಳ ಜನರ ಮೈ ಸೇರಿ, ಕಿಡ್ನಿಯಲ್ಲಿ ಸುಮ್ನೆ ಕೂತಿರುತ್ತದೆ. ನಮಗೇನೂ ಮಾಡುವುದಿಲ್ಲ. ಕಸಿಯಾದವರಲ್ಲಿ ಮಾತ್ರ ಹೊಸ ಕಿಡ್ನಿಯನ್ನೇ ಕೆಡಿಸಬಹುದು. ಎಷ್ಟೋ ಸಲ ಜ್ವರ ಇಲ್ಲ, ನೋವೂ ಇಲ್ಲ.

ಕಿಡ್ನಿ ಸೋತರೆ ರಕ್ತದಲ್ಲಿ ಕ್ರಿಯಾಟಿನಿನ್ ಅನ್ನುವ ಕಸ ಏರುತ್ತದೆ. ಕಸಿಯಾದ ಐದನೆಯ ತಿಂಗಳಲ್ಲಿ ತಮ್ಮನಿಗೆ ಅದು 1.2 ಇದ್ದದ್ದು 1.9 ಆಯಿತು. ಪಕ್ಕದ ಮನೆಯ ಕಾಕಾ, "ಗುಳಿಗಿ ಸಾಲವಲ್ದು, ಒಂದ್ ಜಾಸ್ತಿ ತಗೋ" ಅಂದರು. ಮಾವ, "ಗುಳಿಗಿನ ಜಾಸ್ತಿ ಆಗ್ಯದ, ಕಮ್ಮಿ ಮಾಡು" ಅಂದರು. ಇಬ್ಬರ ಮಾತೂ ಸುಳ್ಳಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. ಮೈ ಕಿಡ್ನಿಯನ್ನು ಒಲ್ಲೆನ್ನುತ್ತಿದ್ದರೆ ಔಷಧಿ ಬಲಪಡಿಸಬೇಕು. ಬಿಕೆ ವೈರಸ್ ಆಗಿದ್ದರೆ ಇಳಿಸಬೇಕು. ರಿಪೋರ್ಟಿನಲ್ಲಿ ಎರಡಕ್ಕೂ ಅದೇ 1.9!

ರಕ್ತದಲ್ಲಿ ವೈರಸ್ ಎಷ್ಟಿದೆ ನೋಡಿದರು. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯನ್ನೂ ಮಾಡಿದರು. ಬಿಕೆ ವೈರಸ್ಸೇ ಆಗಿತ್ತು. ಸಿಎಂವಿ ಅನ್ನುವ ಇನ್ನೊಂದು ವೈರಸ್ಸಿಗೆ ವಾಲ್‌ಗ್ಯಾನ್‌ಸಿಕ್ಲೊವಿರ್ ಗುಳಿಗೆ ಇದೆ, ಬಿಕೆಗೆ ಅಂಥ ನಂಬುವ ಮದ್ದಿಲ್ಲ. ಡಾಕ್ಟರು ಔಷಧಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಜಾಸ್ತಿ ಇಳಿದರೆ ಕಿಡ್ನಿಗೇ ಕುತ್ತು.

ಒಮ್ಮೆ ನಾನೇ ತಪ್ಪು ಮಾಡಿದೆ. ತಪಾಸಣೆಯ ದಿನ ಬೆಳಿಗ್ಗೆ ಗುಳಿಗೆ ನುಂಗಿಸಿಯೇ ಲ್ಯಾಬಿಗೆ ಕರೆದೊಯ್ದೆ. ರಕ್ತದಲ್ಲಿ ಔಷಧಿಯ ಮಟ್ಟ ವಿಪರೀತ ಬಂತು. ಮೊದಲು ರಕ್ತ ಕೊಡಬೇಕು, ಆಮೇಲೆ ಗುಳಿಗೆ. ಈಗ ಗುಳಿಗೆಯನ್ನು ಚೀಟಿಯಲ್ಲಿ ಸುತ್ತಿ ಜೇಬಿಗೆ ಹಾಕಿ ಕಳಿಸುತ್ತೇನೆ. ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಕೂಡ ಬೇಡ. ಕ್ಲಾರಿಥ್ರೊಮೈಸಿನ್‌ನಂಥವು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಿಬಿಡುತ್ತವೆ.

ಊಟದಲ್ಲಿ ರೊಟ್ಟಿ ಇದೆ, ಪಲ್ಯ ಇದೆ. ಹಸಿ ಹಕ್ಕರಕಿ ಸೊಪ್ಪು ಮಾತ್ರ, ಸೋಂಕಿನ ಹೆದರಿಕೆಗೆ, ಅವನ ತಾಟಿನಲ್ಲಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಗದ್ದಲ ಏರುವ ಮುಂಚೆ ಮಾಸ್ಕ್ ಹಾಕಿಕೊಂಡು ಹೋಗಿಬಂದ. ನೆಗಡಿಯಾದ ನೆಂಟರು ಬಂದರೆ ಅವ್ವ ಬಾಗಿಲಲ್ಲೇ ಕೂರಿಸಿ ಚಹಾ ಕೊಡುತ್ತಾಳೆ. ಕೆಲವರಿಗೆ ಸಿಟ್ಟು ಬಂತು. ಬರಲಿ ಬಿಡಿ.

ನಮಸ್ಕಾರ.